ಪೊನ್ಮುಡಿಯ ನಾಲ್ಕನೇ ರಿವ್ಯೂ

ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುವುದೊಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ರಿವ್ಯೂ ಆಗುತ್ತದೆ. ನನ್ನ ಗಂಡ ವಿಶ್ವೇಶ್ವರ ತಿರುವನಂತಪುರದ ಹತ್ತಿರ ತುಂಬಾ ಎಂಬಲ್ಲಿರುವ ಬಾಹ್ಯಾಕಾಶ ಕೇಂದ್ರದಲ್ಲಿ ರಾಕೆಟ್ಟಿನ ಕೆಲಸ ಮಾಡಿ ನಿವೃತ್ತರಾದವರು. ರಾಕೆಟ್ ಹಾರುವ ಮುಂಚೆ ಎಲ್ಲರೂ ಕೂತು, ಏನೇನು ಕೆಡಬಹುದು ಅಂತ ತಲೆ ಕೆಡಿಸಿಕೊಳ್ಳುವ ಸಭೆಯೇ ರಿವ್ಯೂ. ಅಲ್ಲಿ ಒಬ್ಬರಿಗೆ ಅನುಮಾನ ಬಂದರೂ ಸಾಕು, ಹಾರಾಟ ಮುಂದಕ್ಕೆ. ರಾಕೆಟ್ಟಿಗೆ ಅದು ಸರಿಯೇ. ಫ್ರಿಜ್ ಕೊಳ್ಳುವುದಕ್ಕೂ ಹಾಗೇ ಮಾಡಿದರೆ ಹೆಂಡತಿಯಾದವಳು ಎಲ್ಲಿಗೆ ಹೋಗಬೇಕು?

ಎಲ್ಲಿಗೂ ಹೋಗಲಿಲ್ಲ, ಅದೇ ನನ್ನ ದೂರು. ತಿರುವನಂತಪುರದಿಂದ ಪೊನ್ಮುಡಿ ಎರಡು ಗಂಟೆಯ ದಾರಿ. ಬೆಳಿಗ್ಗೆ ಬೆಟ್ಟ ಹತ್ತಿ, ಸಂಜೆ ಕಾಫಿಗೆ ಮನೆಯಲ್ಲಿರಬಹುದು. ಮಳೆ ನಿಂತ ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಹರವುವಾಗ ಪೂರ್ವಕ್ಕೆ ಆ ಬೆಟ್ಟಸಾಲು ನೀಲಿಯಾಗಿ ಕಾಣುತ್ತದೆ. ಮದುವೆಯಾಗಿ ಮೈಸೂರಿನಿಂದ ಬಂದಾಗಿನಿಂದ ನಾನು ಅದನ್ನು ನೋಡುತ್ತಲೇ ಇದ್ದೇನೆ. ಮನೆಗೆಲಸಕ್ಕೆ ಬರುವ ಸರೋಜ ಚೇಚಿ, ಅಂದರೆ ಸರೋಜಕ್ಕ, ಎಷ್ಟೋ ಸಲ ಹೋಗಿ ಬಂದಿದ್ದಾಳೆ. ನಮಗೆ ಮಾತ್ರ ಅಡ್ಡಿಯ ಮೇಲೆ ಅಡ್ಡಿ: ಒಮ್ಮೆ ಮಗಳಿಗೆ ಕಾರಿನಲ್ಲಿ ವಾಂತಿ, ಒಮ್ಮೆ ಇವರ ರಾಕೆಟ್ಟು, ಒಮ್ಮೆ ಗುಡ್ಡ ಕುಸಿಯುವ ಮಳೆ. ಮಳೆ ಇಲ್ಲದಾಗ ಬಿಸಿಲು. ನಡುವೆ ನಾನು ಕೆಲಸದಲ್ಲಿದ್ದ ಬ್ಯಾಂಕಿನವರು ನನ್ನನ್ನು ಕೊಚ್ಚಿಗೆ ವರ್ಗ ಮಾಡಿದರು. ವಾರವಾರ ರೈಲಿನಲ್ಲಿ ಓಡಾಡಿಕೊಂಡಿದ್ದೆ. ಹೀಗೇ ಕೂದಲು ಬೆಳ್ಳಗಾಯಿತು.

ಆಮೇಲೆ ಇವರಿಗೆ ಗ್ಲಾಕೋಮಾ ಬಂತು, ಕಣ್ಣಿನ ನರ ಕೆಡುತ್ತಾ ಹೋಗುವ ಕಾಯಿಲೆ. ಹೋದ ದೃಷ್ಟಿ ಹೋದಹಾಗೇ, ಉಳಿದದ್ದನ್ನು ಹನಿ ಹಾಕಿಕೊಂಡು ಕಾಪಾಡಿಕೊಳ್ಳಿ ಅಂದರು ಡಾಕ್ಟರು. ಇವರು ಮನೆಗೆ ಬಂದವರೇ ಕಾರಿನ ಕೀ ತಂದು ನನ್ನ ಕೈಗಿಟ್ಟರು. ಕಣ್ಣು ಹೇಗಿದೆ ಅಂತ ಯಾವಾಗ ಕೇಳಿದರೂ ಒಂದೇ ಉತ್ತರ: "ಪರವಾಗಿಲ್ಲ, ಸ್ಟೇಬಲ್ ಆಗಿದೆ."

ಸ್ಟೇಬಲ್ ಅನ್ನುವ ಮಾತನ್ನು ನಾನು ನಂಬಲಿಲ್ಲ. ಅವರ ಕಣ್ಣಿನಲ್ಲಿ ಬೆಳಕಿರುವಾಗಲೇ ಬೆಟ್ಟ ತೋರಿಸಬೇಕು, ತೋರಿಸಿಯೇ ಸೈ ಅಂತ ಹಟ ಹಿಡಿದೆ. ಹಟ ಅಂದರೆ ಹಟವೇ. ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೆ ಏರಿದ ದಿನವೇ ಜನವರಿಯ ಮೂರನೇ ಭಾನುವಾರದ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ.

ರಿವ್ಯೂ ಶುರುವಾಯಿತು. ಮೊದಲನೆಯದು ಗಾಡಿಯ ಬಗ್ಗೆ. ಬ್ರೇಕ್ ಹಳೆಯದು ಅಂದರು, ಹೊಸದು ಹಾಕಿಸಿದೆ. ಎರಡನೆಯದು ಊಟದ ಬಗ್ಗೆ. ಮೇಲೆ ಏನು ಸಿಗುತ್ತದೋ ಅಂದರು. ಪುಳಿಯೋಗರೆ, ಮೊಸರನ್ನ ನಾನೇ ಕಟ್ಟಿಕೊಳ್ಳುತ್ತೇನೆ ಅಂದೆ. ಮೂರನೆಯದರಲ್ಲಿ ನನ್ನ ಬುಡಕ್ಕೇ ಬಂದರು.

"ಡ್ರೈವರ್‌ಗೆ ಘಾಟ್ ರಸ್ತೆಯ ಅನುಭವ ಇಲ್ಲ."

"ಡ್ರೈವರ್ ಅಂದ್ರೆ ನಾನು ತಾನೇ? ಹೆಸರು ಹಿಡಿದು ಹೇಳ್ರಿ."

"ರಿವ್ಯೂನಲ್ಲಿ ಹೆಸರು ಹೇಳಲ್ಲ, ನಿರ್ಮಲ."

ಮೈಯೆಲ್ಲ ಉರಿಯಿತು. ನಮ್ಮ ಬ್ಯಾಂಕಿನ ಶಾಲಿನಿ ಧೈರ್ಯದ ಹುಡುಗಿ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೆಡುಮಂಗಾಡಿನ ಆಚೆಯ ಏರುಗಳಿಗೆ ಹೋದೆ. ಏರಿನ ನಡುವೆ ಗಾಡಿ ನಿಲ್ಲಿಸುವುದು, ಹಿಂದಕ್ಕೆ ಜಾರದ ಹಾಗೆ ಮತ್ತೆ ಎತ್ತುವುದು, ಇದನ್ನೇ ಮಾಡಿದೆ. ಹಿಂದಿನ ಆಟೋದವನು ಬೈದ, ಬೈಯಲಿ ಬಿಡು ಅಂದುಕೊಂಡೆ. ಎಡಗಾಲು ಸೆಟೆದುಕೊಂಡು ರಾತ್ರಿ ಎಣ್ಣೆ ತಿಕ್ಕಬೇಕಾಯಿತು. ಆದರೆ ಏರು ಕೈಗೆ ಬಂತು.

ಹೊರಡುವ ಹಿಂದಿನ ದಿನ ನಾಲ್ಕನೇ ರಿವ್ಯೂ. ಮಗಳು ಮಹತಿ ಕೊಚ್ಚಿಯಿಂದ ಬಂದಿದ್ದಳು. ಅವಳಿಗೆ ಅಲ್ಲೇ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಕೆಲಸ. ಇಲ್ಲೇ ಹುಟ್ಟಿ ಬೆಳೆದವಳು, ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವವಳು.

"ಒರು ಟ್ಯಾಕ್ಸಿ ಪೋರೇ, ಅಮ್ಮ?" ಅಂದಳು, ಟ್ಯಾಕ್ಸಿ ಸಾಲದೇ ಅಂತ.

"ಸಾಲದು. ನಾನೇ ಓಡಿಸ್ತೀನಿ."

ಇವರು ಅವಳ ಕೈಲಿ ಲ್ಯಾಪ್‌ಟಾಪನ್ನು ಟಿವಿಗೆ ಹಾಕಿಸಿದರು. ಉಪಗ್ರಹದಿಂದ ತೆಗೆದ ಮ್ಯಾಪು ಬಂತು, ತೆರೆ ತುಂಬ ಹಸಿರು ಕಾಡು, ನಡುವೆ ದಾರದಂಥ ರಸ್ತೆ. ಆಫೀಸಿನ ಕಾಲದ ಸ್ಟೀಲ್ ಸ್ಕೇಲ್ ಹಿಡಿದು ಟಿವಿ ಪಕ್ಕ ನಿಂತರು. ಇಸ್ತ್ರಿ ಅಂಗಿ ಬೇರೆ ಹಾಕಿಕೊಂಡಿದ್ದರು! ನಾನೂ ಮಗಳೂ ಸೋಫಾದಲ್ಲಿ ಕೂತೆವು. ಬೆಟ್ಟದ ಬುಡದ ವಿತುರದ ತನಕದ ದಾರಿಯನ್ನು ಚೆನ್ನಾಗಿಯೇ ವಿವರಿಸಿದರು.

ಅಷ್ಟರಲ್ಲಿ ವೈರು ಸಡಿಲವಾಯಿತೋ ಏನೋ, ಮ್ಯಾಪು ಹೋಗಿ ಟಿವಿಯಲ್ಲಿ ಅಡುಗೆಯ ಕಾರ್ಯಕ್ರಮ ಬಂತು. ದನಿ ಬಂದಿದ್ದರೆ ಗೊತ್ತಾಗುತ್ತಿತ್ತು, ಆದರೆ ನಾವು ಅದನ್ನು ಪೂರ್ತಿ ತಗ್ಗಿಸಿಟ್ಟಿದ್ದೆವು. ತೆರೆಯ ಉದ್ದಗಲಕ್ಕೂ ಹಸಿರು ಬಾಳೆಎಲೆ, ಅದರ ಮೇಲೆ ಮಸಾಲೆ ಮೆತ್ತಿದ ಒಂದು ಕರಿಮೀನು.

"ಇದು ಕಲ್ಲಾರ್," ಅಂದರು ಇವರು. ಸ್ಕೇಲಿನ ತುದಿ ಮೀನಿನ ಕಣ್ಣಿನ ಮೇಲಿತ್ತು. "ಹೊಳೆ ದಾಟಿದ ಮೇಲೆ ಹೇರ್‌ಪಿನ್ ತಿರುವುಗಳು ಶುರು. ಇಲ್ಲಿ ನೋಡಿ, ಎಡಕ್ಕೆ ಪೂರ್ತಿ ಕಣಿವೆ." ಸ್ಕೇಲು ಮೀನಿನ ಬಾಲದ ಹತ್ತಿರ ಬಂತು. "ಇಲ್ಲಿ ಬಸ್ಸು ಎದುರಾದ್ರೆ ನೀನು ಹಿಂದಕ್ಕೆ ತಗೋಬೇಕು."

ಮಹತಿ ನನ್ನ ಮುಖ ನೋಡಿದಳು. ಬಾಯಿ ತೆರೆಯಲು ಹೋದವಳ ತೊಡೆಯನ್ನು ಒತ್ತಿ ಹಿಡಿದೆ. ಇವರು ಒಂದೊಂದೇ ತಿರುವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ತೆರೆಯಲ್ಲಿ ಯಾರದೋ ಕೈ ಬಂದು ಎಲೆಯನ್ನು ಮಡಚಿತು. ಇವರು ಮಾತ್ರ ಬೆಟ್ಟ ಹತ್ತುತ್ತಲೇ ಇದ್ದರು. ಕೊನೆಗೆ ನಮ್ಮ ಕಡೆ ತಿರುಗಿ, "ಪ್ರಶ್ನೆ ಏನಾದ್ರೂ ಇದೆಯಾ?" ಅಂದರು.

ಬೇರೆ ಯಾವ ಹೆಂಗಸಾದರೂ ಸುಮ್ಮನಿರುತ್ತಿದ್ದಳೇನೋ. ನನ್ನಿಂದ ಆಗುವುದಿಲ್ಲ.

"ರೀ, ಟಿವಿಲಿ ಮೀನು ಬೇಯ್ತಾ ಇದೆ."

ಅವರು ಟಿವಿಯ ಕಡೆ ತಿರುಗಲಿಲ್ಲ. "ಎಲ್ಲಿಂದ?" ಅಂದರು.

"ಕಲ್ಲಾರಿಂದ."

ಕೈಯಿಂದ ತಡವಿ ಟೀಪಾಯಿ ಹುಡುಕಿ, ಸ್ಕೇಲನ್ನು ಅದರ ಮೇಲಿಟ್ಟು, ಕುರ್ಚಿಯಲ್ಲಿ ಕೂತರು.

"ನಿಮಗೆ ಯಾವಾಗಿಂದ?" ಅಂತ ಕೇಳಿದೆ.

"ಓಣಂಗೆ ಮುಂಚೆಯಿಂದ. ಮನೆ ಒಳಗೆ ಅಭ್ಯಾಸದ ಮೇಲೆ ಓಡಾಡ್ತೀನಿ. ಬೆಳಕು ಗೊತ್ತಾಗುತ್ತೆ, ಬಣ್ಣ ಒಂದಿಷ್ಟು ಗೊತ್ತಾಗುತ್ತೆ. ಹಸಿರು ಇತ್ತಲ್ಲ, ಮ್ಯಾಪೇ ಅಂದ್ಕೊಂಡೆ."

ಮಹತಿಗೆ ಅಳು ಬಂದುಬಿಟ್ಟಿತ್ತು. "ಯಾಕಪ್ಪ ಹೇಳ್ಲಿಲ್ಲ?" ಅಂದಳು. ಅವಳು ಕನ್ನಡದಲ್ಲಿ ಕೇಳಿದ್ದು ನನಗೆ ಆಮೇಲೆ ಹೊಳೆಯಿತು.

"ಹೇಳಿದ್ರೆ ನಿಮ್ಮಮ್ಮ ಮಾರನೇ ದಿನವೇ ಬೆಟ್ಟ ಹತ್ತಿಸ್ತಿದ್ಲು." ನಗಲು ನೋಡಿದರು, ಆಗಲಿಲ್ಲ. "ಇವಳು ಅಷ್ಟು ಆಸೆ ಇಟ್ಕೊಂಡು ಕರ್ಕೊಂಡು ಹೋಗ್ತಾಳೆ. ಮೇಲೆ ನಿಲ್ಲಿಸಿ, ಕಾಣ್ತಾ, ಕಾಣ್ತಾ ಅಂತಾಳೆ. ನಾನು ಹೂಂ, ಕಾಣ್ತು ಅನ್ಬೇಕು. ಅದನ್ನ ನೆನೆಸ್ಕೊಂಡ್ರೇ ಭಯ ಆಗೋದು. ಅದಕ್ಕೇ ಒಂದೊಂದೇ ನೆಪ ತೆಗೆದೆ. ನೀನು ಎಲ್ಲಕ್ಕೂ ಉತ್ತರ ತಂದೆ. ಇನ್ನು ಬಿಡು ನಿರ್ಮಲ. ಕಾಣದವನಿಗೆ ಬೆಟ್ಟ ತೋರಿಸೋಕೆ ಯಾಕೆ ಇಷ್ಟು ಒದ್ದಾಟ?"

ಸಂಕಟವೂ ಸಿಟ್ಟೂ ಒಟ್ಟಿಗೇ ಬಂದವು. ಇಷ್ಟು ದಿನ ಒಬ್ಬರೇ ಇದನ್ನು ಹೊತ್ತುಕೊಂಡು ತಿರುಗಿದರಲ್ಲ, ಅಪ್ಪಿಕೊಂಡು ಅತ್ತುಬಿಡಬೇಕು ಅನ್ನಿಸಿತು. ಅತ್ತರೆ ನಾಳೆ ಎಂಬುದು ಅಲ್ಲಿಗೇ ಮುಗಿಯುತ್ತದೆ ಅಂತಲೂ ಗೊತ್ತಿತ್ತು. ನಾಳೆ ಇವರು ಮನೆಯಲ್ಲಿ ಕೂತರೆ ಮತ್ತೆ ಯಾವತ್ತೂ ಹೊಸಿಲು ದಾಟುವವರಲ್ಲ.

"ನಾನು ಹೋಗೋಳೇ," ಅಂದೆ.

"ಯಾಕೆ? ನನಗೆ..."

"ನಿಮಗಲ್ಲ ಕಣ್ರೀ, ನನಗೆ. ನನಗೆ ನೋಡ್ಬೇಕು. ಎಷ್ಟು ವರ್ಷದಿಂದ ತಾರಸಿ ಮೇಲೆ ನಿಂತು ದೂರದಿಂದ ನೋಡಿದೀನಿ. ನನ್ನ ಕಣ್ಣು ಗಟ್ಟಿಯಾಗಿದೆ, ಗಾಡಿ ಇದೆ, ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಏರು ಕಲ್ತಿದೀನಿ. ನಿಮಗೆ ಕಾಣಲ್ಲ ಅಂತ ನಾನೂ ನೋಡದೇ ಇರ್ಬೇಕಾ?"

ಹೇಳಿ ಮುಗಿಸಿದ ಮೇಲೆ ನಾನೇ ಬೆಚ್ಚಿದೆ. ಅಲ್ಲಿಯ ತನಕ ಎಲ್ಲವೂ ಅವರಿಗಾಗಿ ಅಂತಲೇ ತಿಳಿದಿದ್ದೆ. ಬಾಯಿಂದ ಬಂದದ್ದು ಸಮಾಧಾನದ ಮಾತಲ್ಲ, ನಿಜ. ಒಂದು ದಿನವಾದರೂ ಬೆಟ್ಟದ ತುದಿಯಲ್ಲಿ ನಿಂತು ಕಣ್ತುಂಬ ನೋಡಬೇಕು ಅನ್ನುವ ಆಸೆ ನನ್ನದೇ ಆಗಿತ್ತು. ಇಷ್ಟು ಕಾಲ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಇವರು ಮುಖ ಮೇಲೆತ್ತಿ ನನ್ನ ದನಿ ಬಂದ ಕಡೆಗೆ ನೋಡಿದರು.

"ಹಾಗಾದ್ರೆ ನಾನು ಯಾಕೆ?"

"ಜೊತೆಗೆ. ಒಬ್ಬಳೇ ಹೋದ್ರೆ ನನಗೆ ಬೇಜಾರು. ನೀವು ಏನೂ ನೋಡ್ಬೇಕಾಗಿಲ್ಲ, ಕಾಣ್ತಾ ಅಂತ ನಾನು ಕೇಳೋದೂ ಇಲ್ಲ. ಆಣೆ."

ಟಿವಿಯಲ್ಲಿ ಮೀನು ತಟ್ಟೆಗೆ ಬಂದಿತ್ತು. ಮಹತಿ ಎದ್ದು ಅದನ್ನು ಆರಿಸಿದಳು.

"ಎಷ್ಟು ಹೊತ್ತಿಗೆ ಹೊರಡ್ತೀಯ?" ಅಂದರು ಇವರು ಕೊನೆಗೆ.

"ಏಳಕ್ಕೆ."

"ಭಾನುವಾರ ತುಂಬಾ ಗಾಡಿ ಇರುತ್ತೆ. ಆರಕ್ಕೇ ಹೊರಡು."

ಆರಕ್ಕೇ ಹೊರಟೆವು. ವಿತುರದಲ್ಲಿ ಹಬೆಯಲ್ಲಿ ಬೇಯಿಸಿದ ಪುಟ್ಟು, ಕಡಲೆ ತಿಂದೆವು. ಕಲ್ಲಾರ್ ದಾಟಿದ ಮೇಲೆ ನನಗೆ ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಒಂದು ತಿರುವಿನಲ್ಲಿ ಮೇಲಿಂದ ಸರ್ಕಾರಿ ಬಸ್ಸು ಬಂತು, ಗಾಬರಿಯಲ್ಲಿ ಗಾಡಿ ಆಫ್ ಮಾಡಿಬಿಟ್ಟೆ. ಹಿಂದಿನವರು ಹಾರ್ನ್ ಹೊಡೆದರು. ಬಸ್ಸು ಹೋಗುವ ತನಕ ಹ್ಯಾಂಡ್‌ಬ್ರೇಕ್ ಹಿಡಿದು ಕೂತು, ಆಮೇಲೆ ಗಾಡಿಯನ್ನು ಒಂದು ಅಂಗುಲವೂ ಜಾರಿಸದೆ ಎತ್ತಿದೆ. "ಗುಡ್," ಅಂದರು ಇವರು, ಅಷ್ಟೇ.

ಮೇಲೆ ಗಾಡಿ ನಿಲ್ಲಿಸಿದಾಗ ಸೆರಗು ಹಾರಿಸುವ ಗಾಳಿ. ಮಹತಿ ಚಹಾ ತರಲು ಹೋದಳು. ಇವರ ಕೈಹಿಡಿದು ಹುಲ್ಲಿನ ದಿಬ್ಬ ಹತ್ತಿಸಿ, ಒಂದು ಬಂಡೆಯ ಮೇಲೆ ಕೂರಿಸಿದೆ. ನಾನು ಎರಡು ಹೆಜ್ಜೆ ಮುಂದೆ ಹೋಗಿ ನಿಂತೆ.

ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು. ಕೆಳಗೆ ಕಾಡಿನ ಮೇಲೆ ಮೋಡದ ನೆರಳು ನಡೆದುಹೋಗುತ್ತಿತ್ತು. ತಾರಸಿಯಿಂದ ನೋಡಿದ ನೀಲಿಯ ಒಳಗೆ ಇಷ್ಟೆಲ್ಲ ಇತ್ತೇ! ಅತ್ತುಬಿಟ್ಟೆ, ಸಂತೋಷಕ್ಕೇ. ಇವರಿಗೆ ಈಗಲೇ ಎಲ್ಲ ಹೇಳಬೇಕು ಅನ್ನಿಸಿತು. ಹೇಳಲು ಹೊರಟರೆ ನೋಡುವುದು ನಿಂತುಹೋಗುತ್ತದೆ ಅನ್ನಿಸಿ ಸುಮ್ಮನಾದೆ.

"ನಿರ್ಮಲ, ಹೇಗಿದೆ?" ಹಿಂದಿನಿಂದ ಇವರು ಕೇಳಿದರು.

"ತಡೀರಿ," ಅಂದೆ, "ನಾನಿನ್ನೂ ನೋಡ್ತಾ ಇದೀನಿ."

"ನೋಡು ನೋಡು, ಅವಸರ ಏನಿಲ್ಲ," ಅಂದು ನನ್ನ ಗಂಡ ಬಂಡೆಯ ಮೇಲೆ ಪಕ್ಕಕ್ಕೆ ಸರಿದು, ನನಗೂ ಜಾಗ ಮಾಡಿ ಕೂತರು.