ಪಾಪಕ್ಕನ ಕಾವಲು

ರಾಜಘಟ್ಟದ ಸಪ್ಪಲಮ್ಮನಿಗೆ ಬೆಂಗಳೂರಿನ ರೇಡಿಯೋ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದು ೧೯೭೨ರಲ್ಲಿ, ಅವಳಿಗೆ ಹತ್ತೊಂಬತ್ತು ತುಂಬಿದಾಗ. ಮಗಳು ಕೆಲಸಕ್ಕೆ ಹೋಗುವುದು ಅಪ್ಪ ರಾಮಾಂಜಿನಪ್ಪನಿಗೆ ಸಮ್ಮತವೇ. ಬೆಂಗಳೂರಿಗೆ ಹೋಗುವುದು ಮಾತ್ರ ಬೇಡವಾಗಿತ್ತು. ಕೊನೆಗೆ ಶ್ರೀರಾಮಪುರದಲ್ಲಿದ್ದ ತನ್ನ ಚಿಕ್ಕಪ್ಪನ ಮಗಳು ಪಾಪಕ್ಕನ ಮನೆಗೆ ತಾನೇ ಕರೆತಂದು ಬಿಟ್ಟ.

"ಕಾಲ ಕೆಟ್ಟೋಗೈತೆ ಪಾಪಕ್ಕ. ಇವಳನ್ನ ಒಬ್ಬಳನ್ನೇ ಎಲ್ಲೂ ಬಿಡ್ಬ್ಯಾಡ."

"ನೀನು ನಿಶ್ಚಿಂತೆಯಾಗಿ ಹೋಗಣ್ಣ."

ಪಾಪಕ್ಕ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಬೆಳಿಗ್ಗೆ ಕಾರ್ಖಾನೆಯ ಗೇಟಿನವರೆಗೆ ಬಂದು ಬಿಡುವಳು. ಸಂಜೆ ಸೈರನ್ ಕೂಗುವ ಮೊದಲೇ ಅಲ್ಲಿ ನಿಂತಿರುವಳು. ಜೊತೆಯ ಹುಡುಗಿಯರು ಸಿನಿಮಾಕ್ಕೆ ಕರೆದರೆ, ಸಪ್ಪಲಮ್ಮ ಬಾಯಿ ತೆರೆಯುವುದರೊಳಗೆ "ಅವಳಿಗೆ ತಲೆನೋವು" ಎನ್ನುವಳು. ಮೂರು ವರ್ಷ ದೊಡ್ಡಬಳ್ಳಾಪುರದ ಹೈಸ್ಕೂಲಿಗೆ ಒಬ್ಬಳೇ ನಡೆದುಹೋಗಿ ಬಂದಿದ್ದ ಸಪ್ಪಲಮ್ಮ, ಬೆಂಗಳೂರಿಗೆ ಬಂದು ಎಂಟು ತಿಂಗಳಾದರೂ ಒಂದು ರಸ್ತೆಯನ್ನೂ ಒಬ್ಬಳೇ ದಾಟಿರಲಿಲ್ಲ.

ಊರಿನ ಗೆಳತಿ ನರಸಮ್ಮನಿಗೆ ಇದನ್ನು ಬರೆಯಲು ನಾಚಿಕೆ. ಗೋಡೆಯ ಕ್ಯಾಲೆಂಡರಿನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯ ಚಿತ್ರವಿತ್ತು. ಅದನ್ನೇ ನೋಡಿಕೊಂಡು, ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತೇನೆಂದು ಕಾಗದ ಬರೆದಳು. ನರಸಮ್ಮನ ಉತ್ತರ ಬಂತು: ಮಹಿಳಾ ಮಂಡಲಿಯ ಇಪ್ಪತ್ತು ಜನ ಬಸ್ಸು ಮಾಡಿಕೊಂಡು ಬರುತ್ತಿದ್ದೇವೆ, ಲಾಲ್‌ಬಾಗನ್ನು ನೀನೇ ತೋರಿಸಬೇಕು.

"ಅತ್ತೆ, ಲಾಲ್‌ಬಾಗಿಗೆ ಯಾವ ಬಸ್ಸು ಹೋಗ್ತದೆ?"

ಅಕ್ಕಿ ಆರಿಸುತ್ತಿದ್ದ ಪಾಪಕ್ಕ ಮೊರದಿಂದ ತಲೆ ಎತ್ತಲಿಲ್ಲ. "ನಂಗೇನೇ ಗೊತ್ತು? ಮದ್ವೆಯಾಗಿ ಬಂದು ಹದಿನೆಂಟು ವರ್ಸ ಆಯ್ತು. ಪ್ಯಾಟೆ ಜನ ಸರಿಯಿಲ್ಲ, ಎಲ್ಲೂ ಹೋಗ್ಬ್ಯಾಡ ಅಂತಾರೆ ನಿಮ್ಮ ಮಾವ." ಮೊರವನ್ನು ಪಕ್ಕಕ್ಕಿಟ್ಟು ಹೇಳಿದಳು: "ಆದ್ರೆ ಊರಿನೋರ ಮುಂದೆ ಮರ್ಯಾದೆ ಹೋಗ್ಬಾರ್ದು. ಬರೋ ಭಾನುವಾರ ನಾವೇ ಹೋಗಿ ದಾರಿ ನೋಡ್ಕೊಂಡು ಬರಾಣ."

ಆ ಭಾನುವಾರ ಮಾವ ಬೈಲಪ್ಪ ಪಾಳಿಗೆಂದು ಮಿಲ್ಲಿಗೆ ಹೋದ ಮೇಲೆ ಇಬ್ಬರೂ ಹೊರಟರು. ಮೆಜೆಸ್ಟಿಕ್‌ನಲ್ಲಿ ತಪ್ಪು ಬಸ್ಸು ಹತ್ತಿ ಹಲಸೂರು ಸೇರಿದರು.

"ಊರಿಗೆ ಹೊಸಬರೇನಮ್ಮಾ?" ಎಂದ ಕಂಡಕ್ಟರ್.

"ಹದಿನೆಂಟು ವರ್ಸದಿಂದ ಇಲ್ಲೇ ಇದ್ದೀವಪ್ಪಾ," ಎಂದಳು ಪಾಪಕ್ಕ ಗತ್ತಿನಿಂದ.

ಲಾಲ್‌ಬಾಗ್ ಮುಟ್ಟಿದಾಗ ಮೂರು ಗಂಟೆ. ಗಾಜಿನ ಮನೆಯನ್ನು ಪಾಪಕ್ಕ ಎರಡು ಸುತ್ತು ಹಾಕಿದಳು. ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಚುರುಮುರಿ ತಿಂದಳು. ಹೊತ್ತಾಯಿತು, ಏಳು ಅತ್ತೆ ಎಂದು ಸಪ್ಪಲಮ್ಮ ಕರೆದರೆ ಏಳಲೊಲ್ಲಳು.

"ಇರೇ, ಇನ್ನೂ ದಾರಿ ಸರಿಯಾಗಿ ನೋಡ್ಕೊಂಡಿಲ್ಲ."

ಮನೆಗೆ ಬಂದಾಗ ಬೈಲಪ್ಪ ಬಾಗಿಲಲ್ಲೇ ನಿಂತಿದ್ದ. "ಎಲ್ಲೋಗಿದ್ದೆ?"

"ಹುಡುಗಿ ಕಾವಲಿಗೆ. ಅಣ್ಣ ನಂಬಿ ಬಿಟ್ಟವ್ನೆ. ಒಬ್ಬಳನ್ನೇ ಕಳ್ಸಕ್ಕಾಗ್ತದಾ?"

ಬೈಲಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಊರಿನವರು ಬಂದ ದಿನ ಪಾಪಕ್ಕ ಛತ್ರಿ ಹಿಡಿದು ಮುಂದೆ ನಡೆದಳು. ಕೇಳಿದ ಮರಕ್ಕೆಲ್ಲ ನೂರು ವರ್ಷ ವಯಸ್ಸು ಹೇಳಿದಳು. ಅಲ್ಲಿಂದಾಚೆಗೆ ಒಂದು ಭಾನುವಾರವೂ ಕಾವಲು ತಪ್ಪಲಿಲ್ಲ. ಕಬ್ಬನ್ ಪಾರ್ಕು, ವಿಧಾನಸೌಧ, ಮ್ಯಾಟಿನಿ ಎಲ್ಲ ಆದವು. ಸಪ್ಪಲಮ್ಮನಿಗೆ ನಿಜವಾಗಿಯೂ ತಲೆನೋವು ಬಂದರೆ ಮಾತ್ರೆ ನುಂಗಿಸಿ ಕರೆದೊಯ್ಯುವಳು.

ಕೊನೆಗೆ ಬೈಲಪ್ಪ ರಾಮಾಂಜಿನಪ್ಪನಿಗೆ ಕಾಗದ ಹಾಕಿದ: ನಿನ್ನ ಮಗಳಿಂದ ನನ್ನ ಹೆಂಡತಿ ಕೆಟ್ಟಳು, ಬೇರೆ ಏರ್ಪಾಡು ಮಾಡಿಕೋ. ರಾಮಾಂಜಿನಪ್ಪ ತಲೆ ತಗ್ಗಿಸಿಕೊಂಡು ಬಂದು, ಮಗಳನ್ನು ಮಲ್ಲೇಶ್ವರದ ಹೆಂಗಸರ ಹಾಸ್ಟೆಲಿಗೆ ಸೇರಿಸಿ ಹೋದ. ಸಪ್ಪಲಮ್ಮ ಮೇಲ್ನೋಟಕ್ಕೆ ಸಪ್ಪಗಿದ್ದಳು, ಒಳಗೊಳಗೇ ಕುಣಿದಳು.

ಮೊದಲ ಭಾನುವಾರ ಇಸ್ತ್ರಿ ಸೀರೆ ಉಟ್ಟು, ಒಬ್ಬಳೇ ಊರು ಸುತ್ತಬೇಕೆಂದು ಗೇಟು ತೆರೆದಳು. ಎದುರಿಗೆ ಪಾಪಕ್ಕ! ಮುಡಿ ತುಂಬ ಮಲ್ಲಿಗೆ, ಕಾಲಿಗೆ ಹೊಸ ಚಪ್ಪಲಿ.

"ಹಾಸ್ಟೆಲ್ ಅಂದ್ರೆ ಇನ್ನೂ ಜ್ವಾಪಾನವಾಗಿರ್ಬೇಕು ಕಣೇ. ಇವತ್ತು ಎಲ್ಲಿಗೆ?"

ಸಪ್ಪಲಮ್ಮನಿಗೆ ಸಿಟ್ಟು ಉಕ್ಕಿತು. ಆದರೆ ಆ ಹೊಸ ಚಪ್ಪಲಿ ಕಚ್ಚಿ ಪಾಪಕ್ಕನ ಹಿಮ್ಮಡಿ ಕೆಂಪಾಗಿದ್ದುದನ್ನು ಕಂಡು ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಿಧಾನವಾಗಿ ಬಸ್ ಸ್ಟಾಪಿಗೆ ನಡೆದಳು.

ಬಸ್ಸು ಬಂತು. ಕಿಟಕಿ ಪಕ್ಕದ ಸೀಟನ್ನು ಪಾಪಕ್ಕನೇ ಹಿಡಿದಳು.