ಒಂಬತ್ತನೆಯ ಪುಟದ ಟಿಕೆಟ್

ಬಸವಪ್ರಸಾದ್ ಹದಿಹರೆಯದ ಮಕ್ಕಳಿಗಾಗಿ ಎರಡು ಕಾದಂಬರಿ ಬರೆದು ಹೆಸರು ಮಾಡಿದ. ಹೆಸರು ಬಂದದ್ದೇ ತಡ, ಊರವರ ಹಸ್ತಪ್ರತಿಗಳು ಬೆನ್ನು ಹತ್ತಿದವು. ನಿವೃತ್ತ ತಹಸೀಲ್ದಾರರ ಆತ್ಮಕತೆ, ಸೋದರಮಾವನ ಮಗನ ಪ್ರೇಮಕವನ, ಮಠದ ಸ್ಮರಣ ಸಂಚಿಕೆ, ಎಲ್ಲಕ್ಕೂ ಮುನ್ನುಡಿಯಾಗಿ ಇವನ ನಾಲ್ಕು ಮಾತು ಬೇಕು. ಇಲ್ಲ ಎನ್ನುವ ನಾಲಿಗೆಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಒಂದು ಕಾಲದಲ್ಲಿ ಊಟ ಬಿಟ್ಟು ಓದುತ್ತಿದ್ದವನಿಗೆ ಈಗ ಅಕ್ಷರ ಕಂಡರೆ ಸಾಕು, ಆಕಳಿಕೆ.

ಓದುವುದೆಲ್ಲ ಬಸ್ಸಿನಲ್ಲಿ. ಮನೆ ಚಾಮರಾಜನಗರದಲ್ಲಿ, ಕನ್ನಡ ಮೇಷ್ಟ್ರ ಕೆಲಸ ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ. ಬೆಳಿಗ್ಗೆ ಕಿಟಕಿ ಪಕ್ಕ ಕೂತು ಪುಟ ತೆರೆದರೆ ದಾರಿ ನಡುವಿನ ತೆರಕಣಾಂಬಿ ಬರುವ ಮೊದಲೇ ಕಣ್ಣು ಎಳೆಯುತ್ತಿತ್ತು. ಕೈಯಲ್ಲಿದ್ದ ಟಿಕೆಟ್ಟನ್ನೇ ಗುರುತಿಗೆ ಸಿಕ್ಕಿಸಿ ನಿದ್ದೆ ಹೋಗುತ್ತಿದ್ದ. ಮರುದಿನ ಬೇರೆ ಹಸ್ತಪ್ರತಿ, ಬೇರೆ ಟಿಕೆಟ್. ಹೀಗೆ ಎಂಟು ಹತ್ತು ಪುಟಕ್ಕೆ ನಿಂತುಹೋದ ಹಸ್ತಪ್ರತಿಗಳು ಮನೆಯ ಕಪಾಟಿನಲ್ಲಿ ಮೂವತ್ತಾದರೂ ಇದ್ದವು. ಆದರೂ ಮುನ್ನುಡಿ ಮಾತ್ರ ಎಲ್ಲದಕ್ಕೂ ಬರೆದುಕೊಟ್ಟಿದ್ದ.

ಆ ರಾಶಿಗೆ ಲಕ್ಷ್ಮಿದೇವಿಯ ನೋಟ್‌ಬುಕ್ಕೂ ಸೇರಿತು. ಹತ್ತನೆಯ ತರಗತಿಯ ಹುಡುಗಿ, ಹಂಗಳದ ಕಡೆಯವಳು; ಅಪ್ಪ ರಾಚಯ್ಯ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ಮೇಷ್ಟ್ರ ಕಾದಂಬರಿ ಓದಿಯೇ ಕತೆ ಬರೆಯಲು ಕೂತವಳು. ಕೊಡುವಾಗ ಇಷ್ಟೇ ಹೇಳಿದ್ದಳು: “ನೀವ್ ಓದಿ ಬರಿ ಅಂದ್ರೆ ಬರೀತೀನಿ ಸಾ. ಬ್ಯಾಡ ಅಂದ್ರೆ ಬುಟ್ಬುಡ್ತೀನಿ.”

ಮೂರು ವಾರ ಅವಳು ಬಾಯಿಬಿಟ್ಟು ಕೇಳಲಿಲ್ಲ. ಪಾಠದ ಹೊತ್ತಿನಲ್ಲಿ ಅವಳ ಕಣ್ಣು ಮಾತ್ರ ಅವನ ಚೀಲದ ಮೇಲೇ ಇರುತ್ತಿತ್ತು. ಆ ನೋಟ ತಾಳಲಾರದೆ ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಕರೆದು ನೋಟ್‌ಬುಕ್ ಕೈಗಿಟ್ಟ.

“ಚೆನ್ನಾಗದೆ ಕಣಮ್ಮ, ಬರಿ. ಕೊನೆ ಅಂತೂ ಮನಸ್ಸಿಗೆ ನಾಟ್ತು.”

ಮುನ್ನುಡಿಗಳಲ್ಲಿ ಸವೆದ ಮಾತು, ತಾನಾಗಿ ಬಾಯಿಗೆ ಬಂತು. ಹುಡುಗಿಯ ಮುಖ ಅರಳಿತು.

“ಯಾವ ಕೊನೆ ಸಾ? ಎರಡು ಬರ್ದಿದ್ನಲ್ಲ.”

ತೋರಿಸಲೆಂದು ನೋಟ್‌ಬುಕ್ ಬಿಡಿಸಿದಳು. ಅದು ಟಿಕೆಟ್ ಇದ್ದಲ್ಲಿಗೇ ತೆರೆದುಕೊಂಡಿತು. ಒಂಬತ್ತನೆಯ ಪುಟ. ಟಿಕೆಟ್ಟಿನ ಮೇಲೆ ಮೂರು ವಾರ ಹಿಂದಿನ ತಾರೀಖು ಅರ್ಧ ಮಾಸಿತ್ತು. ಅವಳು ಅದನ್ನು ಎರಡು ಸಲ ನೋಡಿದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವನಿಗೆ.

“ಬರಿ ಅಂದ್ರಲ್ಲ ಸಾ, ಅದು ಓದಿ ಯೋಳಿದ್ದಾ, ಓದ್ದೆ ಯೋಳಿದ್ದಾ?”

ಓದಿಲ್ಲ ಎಂದ, ಮೇಜನ್ನು ನೋಡುತ್ತ. ಅವಳು ಟಿಕೆಟ್ಟನ್ನು ಅದೇ ಪುಟಕ್ಕೆ ಇಟ್ಟು ನೋಟ್‌ಬುಕ್ ಮೇಜಿನ ಮೇಲಿಟ್ಟಳು.

“ಟಿಕೆಟ್ ಇಲ್ಲೇ ಇರ್ಲಿ ಸಾ. ಇಲ್ಲಾಂದ್ರೆ ನೀವ್ ನಿಲ್ಸಿದ್ ಜಾಗ ತಪ್ಪೋಯ್ತದೆ.”

ಬೈದು ಹೋಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕೂತರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಸೀಟನ್ನು ಹೂವಿನ ಬುಟ್ಟಿ ಹಿಡಿದಿದ್ದ ಅಜ್ಜಿಗೆ ಬಿಟ್ಟು, ಕಂಬಕ್ಕೆ ಒರಗಿ ನಿಂತು ಲಕ್ಷ್ಮಿದೇವಿಯ ನೋಟ್‌ಬುಕ್ ತೆರೆದ. ಕತೆಯೊಳಗಿನ ಹುಡುಗಿಯ ಹೆಸರೂ ಮರೆತಿತ್ತು. ಮೊದಲ ಪುಟದಿಂದಲೇ ಹಿಡಿದ. ತೆರಕಣಾಂಬಿ ಬಂತು, ಹೋಯಿತು. ಕಂಡಕ್ಟರ್ ಕೊಟ್ಟ ಟಿಕೆಟ್ ಜೇಬಿನಲ್ಲೇ ಉಳಿಯಿತು.

ಊರು ಬರುವ ಹೊತ್ತಿಗೆ ಮುಗಿಯಿತು. ಕಾಲು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಹುಡುಗಿಗೆ ಬರವಣಿಗೆ ಒಲಿದಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡು ಕೊನೆಗಳಲ್ಲಿ ಒಂದೂ ಅವನಿಗೆ ಹಿಡಿಸಲಿಲ್ಲ. ನಾಳೆ ಅದನ್ನು ಅವಳಿಗೆ ಹೇಳಬೇಕು, ಹೇಳಿದ ಮೇಲೂ ಬರಿ ಅನ್ನಬೇಕು ಎಂದುಕೊಂಡು ಬಸ್ಸಿಳಿದ.