ಮಾತ್ರೆ ಕುಟ್ಟಿದ ಕುಟ್ಟಾಣಿ

ರಾಗಿ ಕೊಯ್ಲಿನ ಕಾಲ. ಇಬ್ಬನಿ ಆರುವ ಮೊದಲೇ ಕುಲುಮೆಯ ಮುಂದೆ ಜನ ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ತಿದಿ ಉಸಿರಾಡುತ್ತಿತ್ತು. ಬೆಟ್ಟಸ್ವಾಮಿ ಎಂಬ ರೇಷ್ಮೆ ಬೆಳೆಗಾರ ಅವರ ನಡುವೆ ನುಗ್ಗಿ, ಮುರಿದ ಗಾಡಿ ಅಚ್ಚಿನ ತುಂಡೊಂದನ್ನು ಕಮ್ಮಾರನ ಮುಂದಿಟ್ಟ.

"ನಮ್ಮವ್ವನ ಹಲ್ಲು ಪೂರಾ ಹೋದ್ವು ಕಣಣ್ಣ. ಎಲೆಅಡಿಕೆ ಕುಟ್ಕಳಕ್ಕೆ ಏನಾರ ಮಾಡ್ಕೊಡು."

"ರಾಗಿ ಕುಯ್ಯೋ ಹೊತ್ನಲ್ಲಿ ನಿಮ್ಮವ್ವನ ಬಾಯಿಚಪಲ ಬೇರೆ" ಎಂದು ಗೊಣಗುತ್ತಲೇ ಅವನು ನನ್ನನ್ನು ಬಡಿದು ತೆಗೆದ. ನಾನು ಒಂದು ಕುಟ್ಟಾಣಿ. ಗೇಣುದ್ದದ ಕಬ್ಬಿಣದ ಮೈ, ಹೆಬ್ಬೆರಳು ತೂರುವಷ್ಟು ಕುಳಿ, ಜೊತೆಗೊಂದು ಗುಂಡುತಲೆಯ ಸಲಾಕೆ. ಅಷ್ಟೇ ನಾನು.

ಬೆಟ್ಟಸ್ವಾಮಿಯ ತಾಯಿ ಹೊಂಬಾಳಮ್ಮನ ಸೊಂಟದ ಚೀಲವೇ ನನ್ನ ಮನೆಯಾಯಿತು. ಅವಳು ಹೋದಲ್ಲಿಗೆಲ್ಲ ನಾನೂ ಹೋದೆ. ಹುಳುಮನೆಗೆ ಮಾತ್ರ ನನಗೆ ಪ್ರವೇಶವಿರಲಿಲ್ಲ. ಎಲೆಅಡಿಕೆಯ ಜೊತೆ ಆ ಚೀಲದಲ್ಲಿದ್ದ ಹೊಗೆಸೊಪ್ಪಿನ ವಾಸನೆ ತಾಕಿದರೆ ರೇಷ್ಮೆ ಹುಳು ಸಾಯುತ್ತವೆ. ಆ ಕಟ್ಟಳೆ ಮಾಡಿದವಳು ಸೊಸೆ ಜಯಶೀಲ. "ಅತ್ತೆ, ಚೀಲ ಹೊಸ್ಲಿಂದ ಆಚೆ" ಎನ್ನುವಳು. ಮುದುಕಿ ಬಾಯಲ್ಲಿ ಬೈದು, ಕಾಲಲ್ಲಿ ಹಿಂದೆ ಸರಿಯುವಳು. ಯಾಕೆಂದರೆ ಜಯಶೀಲಳ ಕೈಗುಣ ಅಂಥದು. ಹುಳು ಸಾಕುವ ತಟ್ಟೆಯ ಮೇಲೆ ಬಗ್ಗಿ ನೋಡಿದರೆ ಸಾಕು, ಹುಳು ಯಾವಾಗ ಸೊಪ್ಪು ಬಿಡುತ್ತದೆ, ಯಾವಾಗ ಗೂಡು ಕಟ್ಟಲು ಏಳುತ್ತದೆ ಎಂದು ಹೇಳಿಬಿಡುವಳು.

ಮದುವೆಯಾದ ಆರನೆಯ ವರ್ಷ ಅವಳು ತಟ್ಟೆಗಳ ಮುಂದೆ ಸುಮ್ಮನೆ ನಿಲ್ಲತೊಡಗಿದಳು. ಹಸಿದ ಹುಳು ಸೊಪ್ಪು ತಿನ್ನುವಾಗ ಸೋನೆ ಮಳೆ ಬಂದಂತೆ ಸದ್ದಾಗುತ್ತದೆ. ಆ ಸದ್ದಿನೊಳಗೆ ಅವಳಿಗೆ ಮಾತು ಕೇಳಿಸಿತು. ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಮೊದಲು ಹೆಸರು ಹಿಡಿದು ಕರೆದರು, ಆಮೇಲೆ ಬೈದರು, ಹುಳು ಇಲ್ಲದ ಕಡೆಯೂ ಬಂದರು. ಅವಳು ನಿದ್ದೆ ಬಿಟ್ಟಳು. ತಲೆಗೆ ಎಣ್ಣೆ ಹಚ್ಚುವುದು ಬಿಟ್ಟಳು. ಕೊನೆಗೆ ಒಂದು ದಿನ ಊಟದ ತಟ್ಟೆ ತಳ್ಳಿ ಹೇಳಿದಳು:

"ಸಾರಿಗೆ ಏನೋ ಹಾಕ್ತಾವ್ರೆ. ನನ್ ಮುಗ್ಸಕ್ಕೆ."

"ಯಾರವ್ವ ಹಾಕಾರು? ನಾನೂ ಅದ್ನೇ ಉಣ್ತಾ ಇವ್ನಿ" ಎಂದಳು ಹೊಂಬಾಳಮ್ಮ. ಸುಳ್ಳಲ್ಲ. ಆಗ ಯಾರೂ ಏನೂ ಹಾಕುತ್ತಿರಲಿಲ್ಲ.

ಬೆಟ್ಟದ ಗುಡಿಗೆ ಹೋದೆವು. ತಾಯತ ಕಟ್ಟಿಸಿದರು. ಬೇವಿನ ಸೊಪ್ಪಿನಲ್ಲಿ ಹೊಡೆಯುತ್ತೇನೆಂದು ಬಂದವನ ಕೈ ಹಿಡಿದು ತಡೆದು ಬೆಟ್ಟಸ್ವಾಮಿ ಹೆಂಡತಿಯನ್ನು ವಾಪಸು ಕರೆತಂದ. ಅವನ ಮೇಲೆ ನನಗೆ ಮರ್ಯಾದೆ ಬಂದದ್ದು ಅಂದು. ಆಮೇಲೆ ಆಶಾ ಕಾರ್ಯಕರ್ತೆಯ ಮಾತು ಕೇಳಿ ತಾಲೂಕು ಆಸ್ಪತ್ರೆಗೆ ಹೋದರು. ತಿಂಗಳಿಗೊಂದು ಮಂಗಳವಾರ ಅಲ್ಲಿಗೆ ಮನೋವೈದ್ಯೆ ಬರುತ್ತಿದ್ದರು. ಚಿಕ್ಕ ವಯಸ್ಸಿನವರು, ದನಿ ಏರಿಸದೆ ಮಾತಾಡುವವರು. ಜಯಶೀಲಳ ಜೊತೆ ಬಹಳ ಹೊತ್ತು ಕೂತಿದ್ದು, ನಂತರ ಎಲ್ಲರನ್ನೂ ಒಳಗೆ ಕರೆದರು.

"ಇದು ಗಾಳಿ ಅಲ್ಲ, ಗ್ರಹ ಅಲ್ಲ, ಯಾರ ತಪ್ಪೂ ಅಲ್ಲ. ಸ್ಕಿಜೋಫ್ರೇನಿಯಾ ಅಂತ ಕಾಯಿಲೆ. ಮಿದುಳಿನ ಕೆಲಸದಲ್ಲಿ ಏರುಪೇರಾಗಿದೆ. ಅವರಿಗೆ ಮಾತು ನಿಜವಾಗ್ಲೂ ಕೇಳುತ್ತೆ. ಸುಳ್ಳು ಅಂತ ಜಗಳಕ್ಕೆ ನಿಲ್ಲಬೇಡಿ, ಹೌದು ಅಂತ ತಾಳ ಹಾಕೋದೂ ಬೇಡ."

"ಸಕ್ರೆ ಕಾಯ್ಲೆ ಇದ್ದಂಗಾ ತಾಯಿ?" ಮುದುಕಿ ಕೇಳಿದಳು.

"ಹಾಗೇ ಅಂದ್ಕೊಳ್ಳಿ ಅಜ್ಜಿ. ಮಾತ್ರೆ ಬಹಳ ದಿನ ಬೇಕು. ನಡುವೆ ಬಿಟ್ರೆ ತಿರುಗಿ ಬರುತ್ತೆ."

ಜಯಶೀಲ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಹಿತ್ತಿಲಲ್ಲಿ ಉಗಿದಳು. ಹತ್ತು ದಿನ ಗೋಗರೆದರು, ಗದರಿದರು. ಹನ್ನೊಂದನೆಯ ದಿನ ಹೊಂಬಾಳಮ್ಮ ನನ್ನನ್ನು ಚೀಲದಿಂದ ತೆಗೆದು, ಸೆರಗಿನಲ್ಲಿ ಒಳಗೆಲ್ಲ ಒರೆಸಿ, ಮಗನ ಕೈಗಿಟ್ಟಳು.

"ಕುಟ್ಟು. ಉಪ್ಪೆಸ್ರಿಗೆ ಬೆರ್ಸುದ್ರೆ ಗೊತ್ತಾಗಕಿಲ್ಲ."

"ಅವ್ಳು ಹೇಳದೂ ಅದ್ನೇ ಅಲ್ವವ್ವ?"

"ಅವ್ಳು ಇಸ ಅಂತಾಳೆ. ನಾವು ಮದ್ದು ಹಾಕ್ತೀವಿ. ಎರಡೂ ಒಂದೇನ್ಲಾ?"

ಅವನು ಸಲಾಕೆ ಎತ್ತಿದ. ಆವತ್ತಿನಿಂದ ದಿನವೂ ಮಾತ್ರೆ ನನ್ನ ಕುಳಿಯಲ್ಲಿ ಪುಡಿಯಾಯಿತು. ಅಡಿಕೆಯಷ್ಟು ಗಟ್ಟಿಯಲ್ಲ ಅದು, ಎರಡೇ ಪೆಟ್ಟು.

ಪುಡಿ ಕೆಲಸ ಮಾಡಿತು. ಅದೇ ಕಷ್ಟವಾದದ್ದು. ಎರಡು ತಿಂಗಳಲ್ಲಿ ಅವಳು ನಿದ್ದೆ ಮಾಡಿದಳು, ಮೂರನೆಯ ತಿಂಗಳು ತಲೆ ಬಾಚಿಕೊಂಡು ಹುಳುಮನೆಗೆ ನಡೆದಳು. ಹೊಸ್ತಿಲಲ್ಲಿ ನಿಂತು, "ಅತ್ತೆ, ಚೀಲ ಆಚೆ" ಎಂದಳು. ಮುದುಕಿ ಬೈಯಲೇ ಇಲ್ಲ, ಕಣ್ಣೊರೆಸಿಕೊಂಡಳು. ಎಲ್ಲವೂ ನೆಟ್ಟಗಾಯಿತೆಂದುಕೊಂಡರು. ಡಾಕ್ಟರಿಗೆ "ಈಗ ಮಾತ್ರೆ ತಕತಾಳೆ" ಎಂದಷ್ಟೇ ಹೇಳಿದರು.

ಮಾಗಿಯ ಒಂದು ಬೆಳಗ್ಗೆ ಜಯಶೀಲಳಿಗೆ ಕೆಮ್ಮು. ಮೆಣಸು ಕುಟ್ಟಲೆಂದು ನನ್ನನ್ನು ಕೈಗೆತ್ತಿಕೊಂಡು ಅಂಗೈ ಮೇಲೆ ಬೋರಲು ಹಾಕಿ ತಟ್ಟಿದಳು. ಬಿಳಿ ಪುಡಿ ಉದುರಿತು, ಅದರ ಜೊತೆ ಮಾತ್ರೆಯ ಹಾಳೆಯ ಹೊಳೆಯುವ ಚೂರೊಂದು. ಅವಳು ಬಹಳ ಹೊತ್ತು ಅಂಗೈ ನೋಡಿಕೊಂಡಳು. ಗಂಡನ ಮುಂದೆ ಕೈ ಚಾಚಿದಳು.

"ಹಂಗಾರೆ ನಾನಂದಿದ್ದು ದಿಟ."

"ನಿನ್ ಒಳ್ಳೇದಕ್ಕೆ ಕಣೆ…"

"ಹಾಕ್ತಿದ್ರೋ ಇಲ್ವೋ, ಅದ್ ಹೇಳಿ."

"ಹಾಕ್ತಿದ್ದೆ."

ಅಂದಿನಿಂದ ಅವಳು ಆ ಮನೆಯ ಅನ್ನ ಮುಟ್ಟಲಿಲ್ಲ. ಹಿಪ್ಪುನೇರಳೆ ಹಣ್ಣು, ಸೀಬೆಕಾಯಿ, ತಾನೇ ಸೇದಿದ ನೀರು. ಮದ್ದು ನಿಂತಿತು. ಕೆಲವೇ ವಾರಗಳಲ್ಲಿ ಕಿವಿಯೊಳಗಿನ ಆ ಮೂವರು ತಿರುಗಿ ಬಂದರು, ಈ ಸಲ "ನಾವು ಮೊದಲೇ ಹೇಳಿರಲಿಲ್ಲವೇ" ಎನ್ನುತ್ತ ಬಂದರು. ಅವಳ ಕೆನ್ನೆಯ ಮೂಳೆ ಎದ್ದವು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಬೆಟ್ಟಸ್ವಾಮಿಗೆ ತಿಳಿಯಿತು. ಅವಳು ಆಸ್ಪತ್ರೆಗೆ ಬರಲು ಒಪ್ಪಿದ್ದು ಒಂದೇ ಮಾತಿನ ಮೇಲೆ: ಕುಟ್ಟಾಣಿಯನ್ನೂ ತರಬೇಕು.

ಡಾಕ್ಟರ ಮೇಜಿನ ಮೇಲೆ ನನ್ನನ್ನು ಇಟ್ಟವಳು ಅವಳೇ. ಹೊಂಬಾಳಮ್ಮ ತಲೆ ತಗ್ಗಿಸಿದಳು. ಡಾಕ್ಟರು ನನ್ನ ಒಳಗೆ ಇಣುಕಿ, ಬೆಟ್ಟಸ್ವಾಮಿಯ ಕಡೆ ತಿರುಗಿದರು.

"ನಿಮ್ಮ ಕಷ್ಟ ನನಗೆ ಗೊತ್ತು. ಆದ್ರೆ ಕಾಯಿಲೆ ಹೇಳಿದ ಸುಳ್ಳನ್ನ ನೀವು ನಿಜ ಮಾಡಿಟ್ರಿ. ಈಗ ಆಕೆ ಯಾರನ್ನ ನಂಬಬೇಕು? ಏನು ಮಾಡಿದ್ರೋ ಆಕೆಗೆ ನೀವೇ ಹೇಳಿ."

ಅವನು ಹೇಳಿದ. ಎಷ್ಟು ದಿನ, ಯಾವುದರಲ್ಲಿ, ಎಷ್ಟು, ಎಲ್ಲ. ಅವಳು ಕೇಳಿಸಿಕೊಂಡಳು. ಮಾತ್ರೆಯಾದರೆ ನಿಮ್ಮ ಕೈಯಲ್ಲೇ ಇರುತ್ತದೆ, ಬೇಡವಾದರೆ ತಿಂಗಳಿಗೊಂದು ಸೂಜಿಯೂ ಇದೆ, ನೀವೇ ಯೋಚಿಸಿ ಎಂದು ಡಾಕ್ಟರು ಅವಳಿಗೆ ಹೇಳಿದರು. ಜಯಶೀಲ ನನ್ನನ್ನು ಮೇಜಿನ ಮೇಲಿಂದ ಎತ್ತಿಕೊಂಡಳು.

"ಸೂಜಿನೇ ಆಗ್ಲಿ. ಅದಾದ್ರೆ ಕಣ್ಣಿಗೆ ಕಾಣ್ತದೆ. ಚುಚ್ಚೋರು ಯಾರು ಅಂತ್ಲೂ ಗೊತ್ತಾಯ್ತದೆ."

ಅದಾಗಿ ಹನ್ನೊಂದು ವರ್ಷ. ಈ ನಡುವೆ ಹೊಂಬಾಳಮ್ಮ ತೀರಿಕೊಂಡಳು. ನನ್ನನ್ನು ಎಸೆಯುತ್ತಾರೆ ಎಂದುಕೊಂಡಿದ್ದೆ. ಜಯಶೀಲ ಬಿಸಿನೀರಲ್ಲಿ ಮೂರು ಸಲ ತೊಳೆದು, ಅಡುಗೆಮನೆಗೂ ಹುಳುಮನೆಗೂ ನಡುವಿನ ಗೋಡೆಯ ಗೂಡಿನಲ್ಲಿ ಇಟ್ಟಳು. ಈಗ ತುಕ್ಕು ಹಿಡಿದಿದ್ದೇನೆ. ಅವಳೂ ದಣಿದಿದ್ದಾಳೆ. ಮೈ ಊದಿದೆ, ಬೆರಳು ಸಣ್ಣಗೆ ನಡುಗುತ್ತವೆ. ಅದನ್ನು ಹೇಳಿದಾಗಲೆಲ್ಲ ಡಾಕ್ಟರು ಮದ್ದನ್ನು ಕೊಂಚ ಬದಲಿಸುತ್ತಾರೆ. ಮಾತುಗಳು ಪೂರ್ತಿ ಹೋಗಿಲ್ಲ. "ಅವ್ರು ಅಲ್ಲೇ ಮೂಲೇಲಿ ಕುಂತವ್ರೆ ಬಿಡಿ, ಬಾಡಿಗೆ ಇಲ್ದಂಗೆ" ಎಂದು ನಗುತ್ತಾಳೆ. ಆದರೂ ಬೆಳೆ ತೆಗೆಯುತ್ತಾಳೆ, ಸೂಜಿಗೆಂದು ಹೇಳಿದ ದಿನ ಬಸ್ಸು ಹತ್ತುತ್ತಾಳೆ.

ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಅವಳು ಹಿತ್ತಿಲಲ್ಲಿ ಬೇರೆ ಒಲೆ ಹೂಡಿದ್ದಳು. ಆದರೆ ಹುಳು ಕೊನೆಯ ಹಂತಕ್ಕೆ ಬಂದಾಗ ಎರಡೆರಡು ಒಲೆ ಹಚ್ಚಲು ಬಿಡುವೆಲ್ಲಿ? ಒಂದು ಮಧ್ಯಾಹ್ನ ಬೆಟ್ಟಸ್ವಾಮಿಯೇ ಮುದ್ದೆ ಕಟ್ಟಿ ತಂದು ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಅವನು ಅವಳ ತಟ್ಟೆಯಿಂದ ಒಂದು ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿದ. ಆಮೇಲೆ ಅವಳು ಉಂಡಳು. ಅಂದಿನಿಂದ ಅದೇ ಪದ್ಧತಿ. ನಾನು ಕುಟ್ಟಿದ್ದು ಮೂರು ತಿಂಗಳು. ಅವನು ದಿನಕ್ಕೊಂದು ತುತ್ತಿನಂತೆ ತೀರಿಸುತ್ತಲೇ ಇದ್ದಾನೆ. ಇನ್ನೆಷ್ಟು ಉಳಿದಿದೆ ಎಂದು ಅವನು ಕೇಳಿಲ್ಲ, ಅವಳು ಹೇಳಿಲ್ಲ.

ನಿನ್ನೆ ಅವನಿಗೆ ಚಳಿಜ್ವರ. ಹೇಗೋ ಅಡುಗೆ ಮಾಡಿ, ತಟ್ಟೆ ಇಟ್ಟು, ಕಂಬಳಿ ಹೊದ್ದು ಗೋಡೆಯ ಬದಿಗೆ ಮಲಗಿಬಿಟ್ಟ. ಅವಳು ತಟ್ಟೆಯ ಮುಂದೆ ಕೂತೇ ಇದ್ದಳು. ಮುದ್ದೆ ಆರಿತು.

"ಏನೂಂದ್ರೆ."

"ಹ್ಞೂಂ."

"ಏಳಿ."

ಅವನು ಕಣ್ಣು ಬಿಟ್ಟು ತಟ್ಟೆ ನೋಡಿದ. "ಮರ್ತೇಬುಟ್ಟೆ ಕಣೆ" ಎಂದು ಗೋಡೆ ಹಿಡಿದು ಎದ್ದು ಕೂತು, ಒಂದು ತುತ್ತು ಮುರಿದು ಕಷ್ಟಪಟ್ಟು ನುಂಗಿದ. ಅದು ಗಂಟಲಿಳಿಯುವವರೆಗೂ ಅವಳು ನೋಡುತ್ತಿದ್ದಳು.

"ಬಾಯಿ ಕಹಿಯಾಗ್ಯದಾ?"

"ಆಗ್ಯದೆ."

"ಮನಿಕ್ಕಳಿ. ಸೊಪ್ಪು ನಾನು ಹಾಕ್ತೀನಿ."

ಕಂಬಳಿಯನ್ನು ಅವನ ಕತ್ತಿನವರೆಗೆ ಎಳೆದು, ಅವಳು ತಟ್ಟೆಯನ್ನು ತನ್ನ ಕಡೆಗೆ ಸರಿಸಿಕೊಂಡಳು.